ಲೆಟಾಯ್ ಒಲೆಯ ಹೊಗೆ

ಕಂಪಾಲದ ನ್ಸಂಬ್ಯ ಗುಡ್ಡದ ಆ ವಠಾರದಲ್ಲಿ ತಿಂಡಿಯ ಮಾತು ಬಂದರೆ ನಬುಕೀರಳದೇ ಕೊನೆಯ ಮಾತು. ಬಾಳೆಹಣ್ಣು ಹಿಸುಕಿ, ಮರಗೆಣಸಿನ ಹಿಟ್ಟು ಕಲಸಿ ಅವಳು ಕಬಲಗಲ ಕರಿಯಲು ಕೂತರೆ ದಾರಿಹೋಕರು ಬೈಕು ನಿಲ್ಲಿಸುತ್ತಿದ್ದರು. ಅಂಥವಳು ಬುಧವಾರ ಸಂಜೆ ಒಂದು ಹಿಡಿ ಬಾರ್ಲಿಯ ಮುಂದೆ ಸೋತು ಕೂತಿದ್ದಳು.

ಇದನ್ನೆಲ್ಲ ತಂದಿಟ್ಟವಳು ಮಗಳು ಸೂಬಿ. ಮೂರನೇ ಕ್ಲಾಸಿನ ಟೀಚರು ದೇಶಗಳ ಹೆಸರು ಬರೆದ ಚೀಟಿ ಎತ್ತಿಸಿದ್ದರು. ಬಂದ ದೇಶದ ತಿಂಡಿಯನ್ನು ಶುಕ್ರವಾರ ತರಬೇಕು, ಅಲ್ಲಿಯವರು ಅದನ್ನು ಹೇಗೆ ತಿನ್ನುತ್ತಾರೆಂದು ಎದ್ದು ನಿಂತು ಹೇಳಬೇಕು. ಸೂಬಿಗೆ ಎರಿಟ್ರಿಯ ಬಂತು. ಬಂದದ್ದನ್ನು ತೆಗೆದುಕೊಂಡು ಸುಮ್ಮನೆ ಮನೆಗೆ ಬರಬಾರದೆ? "ನಮ್ ಪಕ್ಕದ್ಮನೇಲೇ ಎರಿಟ್ರಿಯದ ಅಜ್ಜಿ ಇದಾರೆ. ನಮ್ಗೆ ತುಂಬಾ ಬೇಕಾದೋರು, ಅವ್ರೇ ಹೇಳ್ಕೊಡ್ತಾರೆ" ಎಂದು ಇಡೀ ಕ್ಲಾಸಿನೆದುರು ಕೊಚ್ಚಿಕೊಂಡಿದ್ದಳು.

ಪಕ್ಕದ ಮನೆಯಲ್ಲಿ ಎರಿಟ್ರಿಯದ ಲೆಟಾಯ್ ಇದ್ದದ್ದು ನಿಜ. ಬೇಕಾದವರು ಅನ್ನುವುದು ಮಾತ್ರ ಹಸಿ ಸುಳ್ಳು. ಮೂರು ವರ್ಷದ ಹಿಂದೆ ಒಬ್ಬಳೇ ಬಂದು ಸೇರಿದ ಆ ಹೆಂಗಸು ದಿನಾ ಮಧ್ಯಾಹ್ನ ಇದ್ದಿಲ ಒಲೆಯನ್ನು ತಂದು ಸರಿಯಾಗಿ ನಬುಕೀರಳ ಕಿಟಕಿಯ ಕೆಳಗೇ ಇಡುತ್ತಿದ್ದಳು. ಏನನ್ನೋ ಕಪ್ಪಗಾಗುವವರೆಗೆ ಹುರಿಯುವಳು, ಜೊತೆಗೆ ಧೂಪ ಬೇರೆ ಹಾಕುವಳು, ಹೊಗೆಯನ್ನು ಕೈಯಿಂದ ಕಿಟಕಿಯ ಕಡೆಗೇ ಬೀಸುವಳು. ಮಾಟ ಅಲ್ಲದೆ ಇನ್ನೇನು? ನಬುಕೀರ ಕಿಟಕಿ ಜಡಿದು ಮನೆ ಮಾಲೀಕನಲ್ಲಿ ದೂರು ಕೊಟ್ಟಳು. ಅವನು ಒಲೆಯನ್ನು ವಠಾರದ ಹಿಂದೆ, ನೀರಿನ ಡ್ರಮ್ಮಿನ ಪಕ್ಕ ಇಡಿಸಿದ. ದಾರಿಯಲ್ಲಿ ಸಿಕ್ಕವರ ಕ್ಷೇಮ ಕೇಳುವುದರಲ್ಲೇ ಅರ್ಧ ಬೆಳಗು ಕಳೆಯುವ ಊರಲ್ಲಿ ಆ ಇಬ್ಬರ ನಡುವೆ ಮೂರು ವರ್ಷ ಒಂದು ನಮಸ್ಕಾರವೂ ಆಗಲಿಲ್ಲ.

ಹಾಗಾಗಿ ನಬುಕೀರ ತಾನೇ ಮಾಡಿ ನೋಡಿದಳು. ಹುರಿದ ಬಾರ್ಲಿಗೆ ಕಡಲೆಕಾಯಿ ಬೀಜ ಸೇರಿಸಿದರೆ ಆಯಿತು, ಅದಕ್ಕೆ ಕೊಲೊ ಅನ್ನುತ್ತಾರೆ ಎಂದು ಯಾರೋ ಹೇಳಿದ್ದರು. ಅಷ್ಟೇ ತಾನೆ ಎಂದು ಬಾಣಲೆ ಇಟ್ಟಳು. ಸಿಪ್ಪೆ ಕರಿಕಾಯಿತು, ಒಳಗಿನ ಕಾಳು ಕಲ್ಲಾಗಿಯೇ ಉಳಿಯಿತು.

ಸೂಬಿ ಒಂದು ಕಾಳು ಕಡಿದು ಗಲ್ಲ ಹಿಡಿದುಕೊಂಡಳು. "ಅಮ್ಮಾ, ಕ್ಲಾಸಲ್ಲಿ ಎಲ್ರ ಹಲ್ಲೂ ಹೋಗತ್ತೆ. ಅಜ್ಜೀನ ಕೇಳೋಣ."

"ಯಾವ ಮುಖ ಇಟ್ಕೊಂಡು ಕೇಳ್ಲೇ?"

"ನೀನು ಬೇಡ. ನನ್ ಮುಖ ಇಟ್ಕೊಂಡು ನಾನೇ ಕೇಳ್ತೀನಿ." ಹಾಗೆಂದವಳ ಕಣ್ಣು ತುಂಬಿತ್ತು. ಹೋಗದಿದ್ದರೆ ನಾಡಿದ್ದು ಮಗಳು ಎಲ್ಲರೆದುರು ಸುಳ್ಳಿಯಾಗಿ ನಿಲ್ಲಬೇಕು. ನಬುಕೀರಳಿಗೆ ಆ ರಾತ್ರಿ ಊಟ ಸೇರಲಿಲ್ಲ.

ಗುರುವಾರ ಶಾಲೆ ಬಿಟ್ಟ ಮೇಲೆ ಸೂಬಿ ಲೆಟಾಯ್ ಹೊಸ್ತಿಲಲ್ಲಿ, ಹಿರಿಯರ ಮುಂದೆ ಊರುವ ಹಾಗೆ, ಮೊಣಕಾಲೂರಿದಳು. ಕರಿಕಾದ ಬಾರ್ಲಿಯ ತಟ್ಟೆ ಹಿಡಿದು ತಾಯಿಯೂ ಹಿಂದೆ ಊರಿದಳು. ಲೆಟಾಯ್ ಇಬ್ಬರನ್ನೂ ನೋಡಿದಳು, ತಟ್ಟೆಯನ್ನು ನೋಡಿದಳು.

"ಏಳ್ರಮ್ಮಾ, ನೆಲ ತಣ್ಣಗಿದೆ. ಈ ಪಾಪದ ಕಾಳನ್ನ ಕೊಂದೋರು ಯಾರು?"

"ನಮ್ಮಮ್ಮ!" ಎಂದಳು ಸೂಬಿ ತಡವಿಲ್ಲದೆ.

ಲೆಟಾಯ್ ಸೆರಗು ಬಾಯಿಗೊತ್ತಿ ನಕ್ಕಳು. ಒಳಗಿಂದ ಬೇರೆ ಬಾರ್ಲಿ ತಂದು ನೀರು ಚಿಮುಕಿಸಿದಳು, ಒರಳಿಗೆ ಹಾಕಿದಳು. "ಮೊದ್ಲು ಹಗೂರಕ್ಕೆ ಕುಟ್ಟಿ ಸಿಪ್ಪೆ ಬಿಡಿಸ್ಬೇಕು. ಆಮೇಲೆ ಸಣ್ಣ ಉರೀಲಿ ಹುರೀಬೇಕು. ಕಾಳಿಗೆ ಅವಸರ ಇರಲ್ಲ ಕಣಮ್ಮಾ, ನಿನಗೇ ಇರೋದು." ನಬುಕೀರ ಕುಟ್ಟಿದಳು, ಸೂಬಿ ಕೇರಿದಳು, ಲೆಟಾಯ್ ಹುರಿದಳು. ಹೊಂಬಣ್ಣಕ್ಕೆ ತಿರುಗಿದ ಕಾಳು ಬಾಯಲ್ಲಿಟ್ಟರೆ ಕರುಂ ಎಂದಿತು.

ಅದು ಆರುವಷ್ಟರಲ್ಲಿ ಲೆಟಾಯ್ ಕಾಫಿಬೀಜ ಹುರಿದು, ಹೊಗೆಯಾಡುವ ಬಾಣಲೆಯನ್ನು ಇಬ್ಬರ ಮುಖದ ಹತ್ತಿರ ತಂದು ಕೈಯಿಂದ ಮೆಲ್ಲಗೆ ಬೀಸಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ನಬುಕೀರ ಬೆಚ್ಚಿದಳು. ಅದೇ ಹೊಗೆ!

ಲೆಟಾಯ್ ಕಾಸಿ ಕೊಟ್ಟ ಕಾಫಿಯ ಪುಟ್ಟ ಬಟ್ಟಲನ್ನು ಮುಗಿಸಿ, ಹೆಚ್ಚು ಹೊತ್ತು ಕೂತು ತೊಂದರೆ ಕೊಡಬಾರದೆಂದು ನಬುಕೀರ ಎದ್ದಳು.

"ಕೂತ್ಕೋ. ಮೂರು ಬಟ್ಟಲಾಗ್ಬೇಕು. ಮೂರನೇದ್ರಲ್ಲೇ ಆಶೀರ್ವಾದ ಇರೋದು. ಅದನ್ನ ಬಿಟ್ಟು ಹೋಗ್ತಾರಾ?"

ನಬುಕೀರ ಕೂತಳು. ಎರಡನೇ ಬಟ್ಟಲೂ ಮುಗಿಯಿತು. ಕೊನೆಗೆ ತಡೆಯಲಾಗದೆ ಕೇಳಿದಳು. "ಅಕ್ಕಾ, ಆಗ ಇದೇ ಹೊಗೇನ ನನ್ನ ಕಿಟಕಿಗೆ ಯಾಕೆ ಬೀಸ್ತಿದ್ರಿ?"

"ಮತ್ತೆ ಹೇಗೆ ಕರೀಲಿ? ನಮ್ಮೂರಲ್ಲಿ ಕಾಫಿ ಹುರಿಯೋ ವಾಸನೆ ಬಂದ್ರೆ ಪಕ್ಕದ್ಮನೆಯೋರು ಬಂದು ಕೂತ್ಕೋತಾರೆ. ಬಂದ ಹೊಸದ್ರಲ್ಲಿ ನಿಮ್ಮ ಭಾಷೆ ಒಂದಕ್ಷರ ಬರ್ತಿರ್ಲಿಲ್ಲ ನಂಗೆ. ಅದಕ್ಕೇ ಹೊಗೆ ಕಳಿಸ್ತಿದ್ದೆ. ದಿನಾ."

ಲೆಟಾಯ್ ಬಗ್ಗಿಸಿಟ್ಟ ಮೂರನೇ ಬಟ್ಟಲನ್ನು ನಬುಕೀರ ಮುಟ್ಟಲಿಲ್ಲ. "ಮಾಲೀಕ್ರಿಗೆ ದೂರು ಕೊಟ್ಟಿದ್ದು ನಾನೇ ಅಕ್ಕಾ."

"ಗೊತ್ತು. ಮೂರನೇದು ಆರ್ತಾ ಇದೆ, ಕುಡಿ."

ಅದೇ ಪುಡಿಯನ್ನು ಮತ್ತೆ ಮತ್ತೆ ಕುದಿಸಿ ನೀರಾಗಿದ್ದ ಆ ಮೂರನೇ ಬಟ್ಟಲನ್ನು ನಬುಕೀರ ಎರಡೂ ಕೈಯಲ್ಲಿ ಹಿಡಿದು ಕುಡಿದಳು. ಅಷ್ಟು ತೆಳ್ಳಗಿನ ಕಾಫಿಗೆ ಯಾರೂ ಅಷ್ಟು ಋಣಿಯಾಗಿರಲಾರರು. ಅಳು ಬಂದದ್ದನ್ನು ಅವಳು ಮುಚ್ಚಿಡಲಿಲ್ಲ.

ಶುಕ್ರವಾರ ಮಧ್ಯಾಹ್ನ ಸೂಬಿ ಖಾಲಿ ಡಬ್ಬಿ ಅಲ್ಲಾಡಿಸುತ್ತ ಓಡಿಬಂದಳು. "ಒಂದು ಕಾಳೂ ಉಳೀಲಿಲ್ಲ ಅಮ್ಮಾ! ಹೇಗೆ ತಿಂತಾರೆ ಅಂತ ಟೀಚರು ಕೇಳಿದ್ರು. ಪಕ್ಕದ್ಮನೆಯೋರು ಬರೋ ತನಕ ಕಾದು ತಿಂತಾರೆ ಅಂದೆ."

ನಬುಕೀರ ಎದ್ದಳು. ವಠಾರದ ಹಿಂದೆ ಹೋಗಿ, ನೀರಿನ ಡ್ರಮ್ಮಿನ ಪಕ್ಕದಲ್ಲಿದ್ದ ಲೆಟಾಯ್ ಒಲೆಯನ್ನು ಎತ್ತಿ ತಂದು ತನ್ನ ಕಿಟಕಿಯ ಕೆಳಗೆ ಇಟ್ಟಳು. ಆಮೇಲೆ ಒಳಗೆ ಹೋಗಿ, ಮೂರು ವರ್ಷದಿಂದ ಜಡಿದಿದ್ದ ಕಿಟಕಿ ತೆರೆದು, ಹೊಗೆ ಬರಲೆಂದು ಕಾಯುತ್ತಾ ಕೂತಳು.