ಶುಗರ್ ಹೈ

ಸಿದ್ರಾಮ ಕೆಮ್ಮಿದರೆ ಕ್ಯಾಂಟೀನಿನ ಲೋಟಗಳು ನಡುಗುತ್ತಿದ್ದವು. ಸುಳ್ಳಾದರೆ ನನ್ನ ನಾಲಿಗೆ ಬಿದ್ದುಹೋಗಲಿ.

ನಾನು ಕುಶಲ, ಉಡುಪಿ ಕಡೆಯವ. ಮರಾಠಿ ಸೀಮೆಯ ರಬಾಳೆಯ ಈ ಕಾರ್ಖಾನೆಯಲ್ಲಿ ಕ್ಯಾಂಟೀನ್ ನಡೆಸುತ್ತಿದ್ದೆ. ಇಲ್ಲಿ ಭತ್ತದ ಹುಲ್ಲು, ಕಬ್ಬಿನ ಸಿಪ್ಪೆ ಅರೆದು, ಬೇಯಿಸಿ ಸಕ್ಕರೆ ತೆಗೆಯುತ್ತಾರೆ. ತಿನ್ನುವ ಸಕ್ಕರೆಯಲ್ಲ, ಅದರಿಂದ ಗಾಡಿಗೆ ಹಾಕುವ ಎಣ್ಣೆ ಮಾಡುತ್ತಾರಂತೆ. ಅರೆಯುವ ಯಂತ್ರಕ್ಕೆ ಹುಲ್ಲು ಸುರಿಯುವವನು ಕಲಬುರಗಿಯ ಸಿದ್ರಾಮ. ಆರು ವರ್ಷ ಆ ಧೂಳಿನಲ್ಲಿ, ಬಾಯಿಗೆ ಒಂದು ಟವೆಲ್ಲು ಸುತ್ತಿಕೊಂಡು.

ಶೆಡ್ಡಿನಲ್ಲಿ ಅವನ ಮಾತಿನವರು ಯಾರೂ ಇಲ್ಲ. ಹೆಂಡತಿ ಚಂದ್ರಬಾಯಿ ತೀರಿಕೊಂಡ ಮೇಲೆ ದಿಘಾದ ಬಾಡಿಗೆ ಖೋಲಿಯಲ್ಲೂ ಇಲ್ಲ. ಟೀ ಹೊತ್ತಿಗೆ ನನ್ನ ಹತ್ತಿರ ಬರುತ್ತಿದ್ದ.

"ಕುಶಲಣ್ಣ, ಏನರ ಮಾತಾಡ್ರಿ. ಮುಂಜಾನಿಂದ ಒಂದ್ ಕನ್ನಡ ಮಾತ ಕಿವಿಗಿ ಬಿದ್ದಿಲ್ಲ."

"ಎಂತ ಮಾತಾಡುದು ಮಾರಾಯ, ರಶ್ಶು ಉಂಟು," ಎನ್ನುತ್ತಿದ್ದೆ. ರಶ್ಶು ಇರುತ್ತಿರಲಿಲ್ಲ.

ಮಾರ್ಚಿನಲ್ಲಿ ಕೆಮ್ಮಿನವರನ್ನು ನೋಡಲು ಕಂಪನಿ ಡಾಕ್ಟರು ಬಂದರು. ಸಿದ್ರಾಮನ ಸರದಿ ಬಂದಾಗ ನಾನು ಟೀ ಹಿಡಿದು ನಿಂತಿದ್ದೆ.

"ಕ್ಯಾ ಕಾಮ್ ಕರ್ತಾ ಹೈ?"

"ಘಾಸ್ ಡಾಲ್ತಾ, ಸಾಬ್."

"ಶುಗರ್ ಹೈ?"

ಸಿದ್ರಾಮನ ಮುಖ ಅರಳಿತು. ಅವನ ಕೆಲಸದ ಬಗ್ಗೆ ಯಾರಾದರೂ ಕೇಳಿದ್ದು ಅದೇ ಮೊದಲು.

"ಹೈ ಸಾಬ್! ಬಹುತ್ ಹೈ. ಟಾಕಿ ಭರ್ ಕೇ ಹೈ."

ಡಾಕ್ಟರು ಕೇಳಿದ್ದು ಮೈಯೊಳಗಿನ ಸಕ್ಕರೆ ಕಾಯಿಲೆ. ಇವನು ಹೇಳಿದ್ದು ತಾನು ಸುರಿದ ಹುಲ್ಲಿನಿಂದ ಬಂದು ಟ್ಯಾಂಕು ತುಂಬಿದ ಸಕ್ಕರೆ. ಡಾಕ್ಟರು ತಲೆಯೆತ್ತದೆ ಬರೆದರು: ಹಳೇ ಶುಗರ್, ಕೆಲಸಕ್ಕೆ ಅನರ್ಹ. ಪಕ್ಕದಲ್ಲಿದ್ದ ಮ್ಯಾನೇಜರನಿಗೆ ತಪ್ಪು ತಿಳಿಯದೆ ಇರಲಿಲ್ಲ; ನಕ್ಕು ಆ ಕಾಗದಕ್ಕೆ ಸಿದ್ರಾಮನ ಹೆಬ್ಬೆಟ್ಟು ಒತ್ತಿಸಿಕೊಂಡ. ಧೂಳಿನ ಮಾತು ಕಾಗದದಲ್ಲಿ ಬರಲೇ ಇಲ್ಲ. ನನಗೂ ತಿಳಿದಿತ್ತು. ಆದರೆ ಕ್ಯಾಂಟೀನು ಮ್ಯಾನೇಜರನ ಕೈಯಲ್ಲಿತ್ತು. ಥೂ ನನ್ನ ಜನ್ಮಕ್ಕೆ, ಸುಮ್ಮನಿದ್ದೆ.

ಮರುದಿನ ಗೇಟಿನಲ್ಲಿ ಅವನ ಪಾಸು ಕಿತ್ತುಕೊಂಡರು.

ಮುಂದಿನ ತಿಂಗಳು ಡಾಕ್ಟರು ಬಂದ ದಿನ ಸಿದ್ರಾಮ ಒಳಗೆ ನುಗ್ಗಿದ. ಮೇಜಿನ ಮೇಲೆ ಲ್ಯಾಬಿನ ಚೀಟಿ ಇಟ್ಟ. ಹಳೇ ಟವೆಲ್ಲು ಕೊಡವಿದ. ಡಾಕ್ಟರ ಬಿಳಿ ಕಾಗದದ ಮೇಲೆಲ್ಲ ಧೂಳು ಬಿತ್ತು.

"ನನ್ನ ಮೈಯಾಗ ಶುಗರ್ ಇಲ್ಲ, ಲ್ಯಾಬಿನವ್ರೇ ಬರದಾರ. ಎದ್ಯಾಗಿರೋದು ಇದು. ಇದನ್ನ ಬರೀರಿ. ಕುಶಲಣ್ಣ, ನನಗ ಹಿಂದಿ ಸಾಲಂಗಿಲ್ಲ, ನೀವ್ ಹೇಳ್ರಿ."

ಮ್ಯಾನೇಜರ್ ನನ್ನನ್ನೇ ದಿಟ್ಟಿಸಿದ. ಟ್ರೇ ಕೆಳಗಿಟ್ಟೆ. ಒಂದು ಮಾತೂ ಬಿಡದೆ ಹೇಳಿದೆ. ಮಾರ್ಚಿನಲ್ಲಿ ನುಂಗಿಕೊಂಡದ್ದನ್ನೂ ಸೇರಿಸಿ ಹೇಳಿದೆ.

"ಅಂಗೂಠಾ ತೋ ಇಸೀಕಾ ಹೈ," ಎಂದ ಮ್ಯಾನೇಜರ್, ಹೆಬ್ಬೆಟ್ಟು ಇವನದೇ ತಾನೆ ಎನ್ನುವಂತೆ ಹಳೇ ಕಾಗದ ತೋರಿಸಿ. ಅಷ್ಟೇ. ಆ ವಾರವೇ ಕ್ಯಾಂಟೀನಿಗೆ ಬೇರೆಯವರು ಬಂದರು.

ಈಗ ಗೇಟಿನ ಹೊರಗೆ ಇಬ್ಬರೂ ಮಾತಾಡುತ್ತ ಕೂರುತ್ತೇವೆ. ನಿನ್ನೆ ಟೀ ಹೊತ್ತಿಗೆ ಆಕಾಶ ಎಂಬ ಹುಡುಗ ಹೊರಬಂದ. ಸಿದ್ರಾಮನ ಜಾಗಕ್ಕೆ ಹಾಕಿದ ಮರಾಠಿಯವ. ಬಾಗಿ ಬಾಗಿ ಕೆಮ್ಮುತ್ತಿದ್ದ. ಸಿದ್ರಾಮ ನನ್ನ ತೋಳು ಹಿಡಿದು ಎಬ್ಬಿಸಿದ.

"ಅವಂಗ ಅವನ ಭಾಷಾದಾಗ ಹೇಳ್ರಿ. ಡಾಕ್ಟರ್ ಶುಗರ್ ಹೈ ಅಂತ ಕೇಳಿದ್ರ, ನಹೀ ಅನ್ನು ಅಂತ."