ಆರ್ವಿಲ್ ಅಳಿಸಿದ ಸಾಲು

ಮೊನ್ನೆ ಬೆಳಿಗ್ಗೆ ಆರ್ವಿಲ್ ಲಿಂಡಾಲ್ ನನ್ನ ಫೋನಿಗೆ ಏನೋ ಬರೆಯುತ್ತಿದ್ದ. ಪರದೆಯ ಮೇಲೆ ಮೂರು ಚುಕ್ಕಿ ಕುಣಿದವು, ನಿಂತವು, ಮತ್ತೆ ಕುಣಿದವು. ಐದು ನಿಮಿಷ ಬಿಟ್ಟು ಬಂದದ್ದು ಇಷ್ಟೇ: "ಇಲ್ಲಿ ಮೈನಸ್ ಮೂವತ್ತು. ನೀನು ಹೇಗಿದೀಯ, ನೆಟ್ಟಿ?"

ಅಷ್ಟಕ್ಕೆ ಐದು ನಿಮಿಷ ಬೇಕಿರಲಿಲ್ಲ. ಏನೋ ಬರೆದು ಅಳಿಸಿದ್ದಾನೆ. ಹಿಂದೆ ಆಗಿದ್ದರೆ ಅಳಿಸಿದ್ದೂ ನನಗೆ ಕಾಣುತ್ತಿತ್ತು.

ಹಿಂದೆ ಎಂದರೆ 1987ರ ಚಳಿಗಾಲ. ನಾವಿಬ್ಬರೂ ಸಸ್ಕ್ಯಾಚುವಾನ್ ಪ್ರಾಂತ್ಯದ ಬ್ರಿಕನ್ ಊರಿನ ಕೃಷಿ ಕಾಲೇಜಿನಲ್ಲಿ ಕಂಪ್ಯೂಟರ್ ಆಪರೇಟರುಗಳು. ನಾನು ಮುಖ್ಯ ಕಟ್ಟಡದ ನೆಲಮಾಳಿಗೆಯಲ್ಲಿ, ಅವನು ಬಯಲಿನಾಚೆ ಬೆಳೆ ವಿಭಾಗದ ಕಟ್ಟಡದಲ್ಲಿ. ಮಾಹಿತಿ ತುಂಬಿದ ಟೇಪುಗಳನ್ನು ಯಂತ್ರಕ್ಕೆ ಹಾಕುವುದು, ತೆಗೆಯುವುದು, ಅಚ್ಚಾದ ಕಾಗದ ಹರಿದು ಹಂಚುವುದು ನಮ್ಮ ಕೆಲಸ. ನಡುವೆ ಕಾಲು ಮೈಲು. ಮೂಗಿನೊಳಗಿನ ಕೂದಲೂ ಹೆಪ್ಪುಗಟ್ಟುವ ಚಳಿಯಲ್ಲಿ ಯಾರು ನಡೆಯುತ್ತಾರೆ? ನಮ್ಮ ಕಡೆಗಿದ್ದ ಒಂದೇ ಫೋನು ಮೇಲಧಿಕಾರಿ ಪ್ರೂಯಿಟ್ ಅವರ ಮೇಜಿನ ಮೇಲಿತ್ತು. ಹಾಗಾಗಿ ನಮ್ಮ ಮಾತುಕತೆಯೆಲ್ಲ ಪರದೆಯ ಮೇಲೆಯೇ.

ಮೊದಲಿದ್ದ ವ್ಯವಸ್ಥೆಯಲ್ಲಿ ಒಂದು ಸಾಲು ಬರೆದು ಎಂಟರ್ ಒತ್ತಿದ ಮೇಲೆ ಅದು ಆಚೆಗೆ ಹೋಗುತ್ತಿತ್ತು. ಅಕ್ಟೋಬರಿನಲ್ಲಿ 'ಟಾಕ್' ಎಂಬ ಹೊಸದು ಬಂತು. 'ಟಾಕ್' ಎಂದು ಬರೆದು ಆಚೆಯವರ ಹೆಸರು ಕೊಟ್ಟರೆ ಅಲ್ಲಿ ಗಂಟೆ ಬಾರಿಸುತ್ತಿತ್ತು. ಪರದೆಯ ನಡುವೆ ಒಂದು ಗೆರೆ; ಮೇಲೆ ನನ್ನ ಮಾತು, ಕೆಳಗೆ ಅವನದು. ಒತ್ತಿದ ಒಂದೊಂದು ಅಕ್ಷರವೂ ಆ ಕ್ಷಣವೇ ಆಚೆ ಕಾಣುತ್ತಿತ್ತು. ಅಳಿಸಿದರೆ ಅಳಿಯುವುದೂ ಕಾಣುತ್ತಿತ್ತು.

ಇದು ಆರ್ವಿಲ್‌ಗೆ ಗೊತ್ತಿರಲಿಲ್ಲ. ಎರಡೇ ಬೆರಳಲ್ಲಿ, ಕೀಲಿಗಳನ್ನೇ ನೋಡುತ್ತಾ ಬರೆಯುವವನು ಅವನು. ನಾನೋ ಹನ್ನೊಂದು ವರ್ಷ ಕಂಪ್ಯೂಟರ್ ಓದುವ ಕಾರ್ಡುಗಳಿಗೆ ತೂತು ಹೊಡೆಯುವ ಕೋಣೆಯಲ್ಲಿ ಕೆಲಸ ಮಾಡಿ ಬಂದವಳು. ಅಲ್ಲಿ ಒಂದು ತೂತು ತಪ್ಪಿದರೆ ಇಡೀ ಕಾರ್ಡು ಕಸಕ್ಕೆ. ನನ್ನ ಬೆರಳು ತಪ್ಪುತ್ತಿರಲಿಲ್ಲ, ನಾನು ಅಳಿಸುತ್ತಲೂ ಇರಲಿಲ್ಲ. ಹಾಗಾಗಿ ಅಳಿಸಿದ್ದು ಆಚೆಯವರಿಗೆ ಕಾಣುತ್ತದೆ ಎನ್ನುವುದನ್ನು ಅವನು ನೋಡಿಯೇ ಇರಲಿಲ್ಲ.

ನಾನೂ ಹೇಳಲಿಲ್ಲ. ರೇಡಿಯೋಗಿಂತ ಅದೇ ಚೆನ್ನಾಗಿತ್ತು. ಒಮ್ಮೆ ಎಲೆಕೋಸಿನ ಸುರುಳಿ ಮಾಡಿ ಕಟ್ಟಡದಿಂದ ಕಟ್ಟಡಕ್ಕೆ ಟೇಪು ಒಯ್ಯುವ ವ್ಯಾನಿನವನ ಕೈಲಿ ಕಳಿಸಿದ್ದೆ. "ಉಪ್ಪೋ ಉಪ್ಪು" ಎಂದು ಬರೆದ, ಅಳಿಸಿದ. ಆಮೇಲೆ, "ಸುರುಳಿ ಬಹಳ ಚೆನ್ನಾಗಿತ್ತು, ಮಾರಾಯ್ತಿ." ಮುಂದಿನ ಸಲ ಉಪ್ಪು ಕಡಿಮೆ ಹಾಕಿದೆ. "ಈ ಸಲ ಕೈ ಕುದುರಿದೆ" ಎಂದ. ಅದನ್ನು ಅಳಿಸಲಿಲ್ಲ.

ಜನವರಿಯ ಒಂದು ಬುಧವಾರ ಗೋಧಿ ಸಂಶೋಧಕಿ ಆರ್ಡಿತ್ ಕಾಯ್ಲ್ ತನ್ನ 318ನೇ ಟೇಪು ಕೇಳಿಕೊಂಡು ಬಂದಳು. ಗೋಧಿಗೆ ತಗಲುವ ತುಕ್ಕುರೋಗದ ಒಂಬತ್ತು ಬೇಸಿಗೆಗಳ ಲೆಕ್ಕ ಅದರಲ್ಲಿತ್ತು. ಆ ಬೆಳಿಗ್ಗೆ ವ್ಯಾನಿನಲ್ಲಿ ವಾಪಸ್ ಬಂದ ಟೇಪುಗಳ ನಡುವೆ ಅದು ಸಿಕ್ಕಿತು; ಹಾಕಿ ನೋಡಿದರೆ ಹಂದಿಗಳ ಮೇವಿನ ಪಟ್ಟಿ! ಯಾರೋ ಅದರ ಮೇಲೇ ಬರೆದುಬಿಟ್ಟಿದ್ದರು. ಟೇಪಿನ ಬೆನ್ನಿಗೆ ಹಳದಿ ಪ್ಲಾಸ್ಟಿಕ್ ಉಂಗುರ ಸಿಕ್ಕಿಸದೆ ಯಂತ್ರ ಅದರ ಮೇಲೆ ಏನನ್ನೂ ಬರೆಯುವುದಿಲ್ಲ. ಅಂದರೆ ಯಾರೋ ಕೈಯಾರೆ ಉಂಗುರ ಹಾಕಿದ್ದರು. ಟೇಪಿನ ಕಾರ್ಡಿನಲ್ಲಿ ಕೊನೆಯ ಸಹಿ ನನ್ನದು, ಮಂಗಳವಾರದ್ದು.

"ಸಹಿ ನಿಮ್ಮದೇ ಅಲ್ವೇನ್ರೀ?" ಎಂದರು ಪ್ರೂಯಿಟ್.

"ಸಹಿ ನಂದೇ ಸರ್. ಓದಿಸಿ, ತೆಗೆದು, ವ್ಯಾನಿನ ಪೆಟ್ಟಿಗೇಲಿ ಇಟ್ಟೆ. ಉಂಗುರ ಹಾಕಿಲ್ಲ."

"ಹಾಗಾದ್ರೆ ಉಂಗುರ ತಾನೇ ನಡ್ಕೊಂಡು ಬಂತಾ? ಶುಕ್ರವಾರ ಮಧ್ಯಾಹ್ನದೊಳಗೆ ಏನಾಯ್ತು ಅಂತ ಹೇಳಿ. ಇಲ್ದಿದ್ರೆ ನಿಮ್ಮನ್ನ ಇಟ್ಕೊಳ್ಳೋಕಾಗಲ್ಲ."

ನನ್ನ ಗಂಡ ಸ್ಟಾನ್ ಧಾನ್ಯದ ಗೋದಾಮಿನಲ್ಲಿ ಬಿದ್ದು ಬೆನ್ನು ಮುರಿದುಕೊಂಡು ಮನೆಯಲ್ಲಿದ್ದ. ಮನೆ ನಡೆಯುತ್ತಿದ್ದದ್ದು ನನ್ನ ಸಂಬಳದಲ್ಲೇ.

ಕೆಳಗೆ ಬಂದು ಆರ್ವಿಲ್‌ನನ್ನು ಕರೆದೆ. "318 ನಿನ್ನ ಕಡೆ ಬಂದಿತ್ತಾ?"

ಗೆರೆಯ ಕೆಳಗೆ ಅಕ್ಷರಗಳು ಒಂದೊಂದಾಗಿ ಮೂಡಿದವು. "ನಾನೇ ಹಾಕ್ದೆ ನೆಟ್ಟಿ. 381 ಅಂದ್ಕೊಂಡು ಉಂಗುರ"

ಅಲ್ಲಿಗೆ ನಿಂತಿತು. ಆಮೇಲೆ ಕೊನೆಯಿಂದ ಒಂದೊಂದೇ ಅಕ್ಷರ ಮಾಯವಾಗತೊಡಗಿತು. ಖಾಲಿಯಾದ ಜಾಗದಲ್ಲಿ ಬೇರೆ ಸಾಲು ಬಂತು: "ಇಲ್ವಲ್ಲ. ಇಲ್ಲಿಗೆ ಬಂದೇ ಇಲ್ಲ."

ಹಂದಿಗಳ ಪಟ್ಟಿ ಹೋಗಬೇಕಿದ್ದದ್ದು 381ಕ್ಕೆ, ಅಂಕಿ ಅದಲುಬದಲಾಗಿತ್ತು. ಆದರೆ ನಾನು ಯಾರಿಗೆ ತೋರಿಸಲಿ? ಪರದೆ ಕಾಗದವಲ್ಲ, ಅಳಿಸಿದ ಸಾಲಿಗೆ ಗುರುತಿಲ್ಲ. ಅದೂ ಅಲ್ಲದೆ ಸ್ಟಾನ್ ಬಿದ್ದ ದಿನ ಹಿಮಗಾಳಿಯಲ್ಲಿ ಅವನನ್ನು ಟ್ರಕ್ಕಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಒಯ್ದವನು ಇದೇ ಆರ್ವಿಲ್. ಅವನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಹೆದರಿದ್ದಾನೆ ಎಂದು ಗೊತ್ತಾಗಲು ಅಂಥ ಬುದ್ಧಿವಂತಿಕೆ ಬೇಕಿರಲಿಲ್ಲ.

"ಹೋಗಿ ಅವನ ಕತ್ತಿನ ಪಟ್ಟಿ ಹಿಡಿ," ಎಂದ ಸ್ಟಾನ್, ರಾತ್ರಿ ನಾನು ಹೇಳಿದ್ದನ್ನೆಲ್ಲ ಕೇಳಿ.

"ಹಿಡಿದ್ರೆ ಇನ್ನೊಂದು ಸುಳ್ಳು ಹೇಳ್ತಾನೆ. ಆಮೇಲೆ ಆ ಸುಳ್ಳನ್ನೇ ಹಿಡ್ಕೊಂಡು ಕೂರ್ತಾನೆ."

"ಹಂಗಾದ್ರೆ ನೀನು ಮನೇಲಿ ಕೂರು, ನನ್ ಜೊತೆ."

ಗುರುವಾರವಿಡೀ ಕಾದೆ. ಆರ್ವಿಲ್ ಟೇಪಿನ ನಂಬರುಗಳನ್ನು ಬಿಟ್ಟು ಬೇರೇನೂ ಬರೆಯಲಿಲ್ಲ. ಎರಡು ಸಲ "ನೆಟ್ಟಿ" ಎಂದು ಬರೆದ, ಎರಡು ಸಲವೂ ಅಳಿಸಿದ.

ಶುಕ್ರವಾರ ಒಂಬತ್ತು ಗಂಟೆಗೆ ನಾನೇ ಕರೆದೆ. "ಇದೀಯಾ?" "ಇದೀನಿ" ಎಂದ.

"ನೀನು 381 ಅಂದ್ಕೊಂಡು ಉಂಗುರ ಹಾಕಿದ್ದು ನಂಗೊತ್ತು, ಆರ್ವಿಲ್" ಎಂದು ಬರೆದೆ. ಆಮೇಲೆ, ಜೀವಮಾನದಲ್ಲಿ ಮೊದಲ ಸಲ, ಅಳಿಸುವ ಕೀಲಿಯ ಮೇಲೆ ಬೆರಳಿಟ್ಟೆ. ಆತುರಪಡಲಿಲ್ಲ. ಒಂದು ಅಕ್ಷರ, ಇನ್ನೊಂದು ಅಕ್ಷರ. ಅವನ ಹೆಸರು ಹೋಯಿತು, ಉಂಗುರ ಹೋಯಿತು, ಪೂರ್ತಿ ಸಾಲು ಹೋಯಿತು. ಖಾಲಿ ಜಾಗದಲ್ಲಿ ಬರೆದೆ: "ಇವತ್ತು ಚಳಿ ಜಾಸ್ತಿ, ಅಲ್ವಾ?"

ಗೆರೆಯ ಕೆಳಗೆ ಅಕ್ಷರಗಳು ಒಂದೊಂದಾಗಿ ಬಂದವು.

"ಅಳ್ಸಿದ್ದು ಕಾಣತ್ತಾ?"

"ಕಾಣತ್ತೆ."

"ಯಾವಾಗಿಂದ?"

"ಅಕ್ಟೋಬರಿಂದ."

ಆಮೇಲೆ: "ಎಲೆಕೋಸಿನ ಸುರುಳಿ?"

"ಅದೂ."

ಆಚೆಯವರು ಹೊರಟುಹೋದರು ಎಂದು ಪರದೆ ತಿಳಿಸಿತು. ಎಲ್ಲಿಗೆ ಹೊರಟ ಎಂದು ತಿಳಿಸಲಿಲ್ಲ. ನಾನು ಗಡಿಯಾರ ನೋಡುತ್ತಾ ಕುಳಿತೆ. ಹತ್ತು ನಿಮಿಷಕ್ಕೆ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಹುಬ್ಬು, ಮೀಸೆಯ ಮೇಲೆಲ್ಲ ಹಿಮ. ಕೈಯಲ್ಲಿ ಹಳದಿ ಉಂಗುರ.

"ಟೋಪಿ ಎಲ್ಲಿ?" ಎಂದೆ.

"ಮರ್ತೆ."

"ಕಿವಿ ಉದುರಿಹೋಗತ್ತೆ, ಪೆದ್ದ."

"ಉದುರ್ಲಿ ಬಿಡು. ಬುಧವಾರವೇ ಯಾಕೆ ನನ್ನ ಹಿಡೀಲಿಲ್ಲ?"

"ನೀನೇ ಬರ್ತೀಯೇನೋ ಅಂತ ನೋಡ್ದೆ."

"ಬರದೇ ಇದ್ದಿದ್ರೆ?"

"ಸ್ಟಾನ್ ಜೊತೆ ಮನೇಲಿ ಕೂರ್ತಿದ್ದೆ. ಅದಕ್ಕಿಂತ ದೊಡ್ಡ ಶಿಕ್ಷೆ ಇದೆಯಾ?"

ಅವನಿಗೆ ನಗು ಬರಲಿಲ್ಲ. ಉಂಗುರವನ್ನು ಬೆರಳುಗಳ ನಡುವೆ ತಿರುಗಿಸುತ್ತಾ ನಿಂತ. "ನಿನ್ನೆ ಎರಡು ಸಲ ಹೇಳೋಕೆ ಹೊರಟೆ," ಎಂದ.

"ನೋಡ್ದೆ. ಹೋಗು, ಪ್ರೂಯಿಟ್ ಒಳಗಿದಾರೆ."

ಪ್ರೂಯಿಟ್ ಕೂಗಾಡಿದ್ದು ನೆಲಮಾಳಿಗೆಯವರೆಗೂ ಕೇಳಿಸಿತು. ಆರ್ವಿಲ್‌ನನ್ನು ಉಳಿಸಿದವಳು ಆರ್ಡಿತ್. "ಇವನನ್ನ ಓಡಿಸಿದ್ರೆ ನನ್ನ ಗೋಧಿ ವಾಪಸ್ ಬರತ್ತಾ? ಕೂತು ಟೈಪ್ ಮಾಡ್ಲಿ," ಎಂದಳಂತೆ. ಹೊಲದಲ್ಲಿ ಬರೆದ ನೋಟು ಪುಸ್ತಕಗಳನ್ನು ಅವಳು ಎಸೆದಿರಲಿಲ್ಲ. ಆರ್ವಿಲ್ ಕಾಯಂ ಆಗುವುದು ಒಂದು ವರ್ಷ ಮುಂದೆ ಹೋಯಿತು, ಅಷ್ಟೇ.

ಒಂಬತ್ತು ಬೇಸಿಗೆಗಳನ್ನು ಏಪ್ರಿಲ್‌ವರೆಗೆ ಇಬ್ಬರೂ ಸೇರಿ ಟೈಪ್ ಮಾಡಿದೆವು. ಐದು ಅವನಿಗೆ, ನಾಲ್ಕು ನನಗೆ. ಹಾಳೆಗಳ ಮೇಲೆ ಕೆಸರು, ನಡುವೆ ಅಪ್ಪಚ್ಚಿಯಾದ ಸೊಳ್ಳೆಗಳು. ಗೆರೆಯ ಕೆಳಗಿನಿಂದ ಅವನು ಕೇಳುತ್ತಿದ್ದ: "79ರ ಜುಲೈ, ಇದು 1 ಅಂಕಿಯೋ ಸೊಳ್ಳೆ ಕಾಲೋ?" "ಉಗುರಲ್ಲಿ ಕೆರೆದು ನೋಡು" ಎನ್ನುತ್ತಿದ್ದೆ. ಆವತ್ತಿನಿಂದ ಅವನು ಆ ಗೆರೆಯ ಕೆಳಗೆ ಬರೆದದ್ದನ್ನು ಅಳಿಸಲೇ ಇಲ್ಲ. ತಪ್ಪು ಅಕ್ಷರವನ್ನೂ ಹಾಗೆಯೇ ಬಿಡುತ್ತಿದ್ದ. ಅಂಥ ಚಂದದ ಚಳಿಗಾಲ ನನಗೆ ಮತ್ತೆ ಸಿಗಲಿಲ್ಲ.

ಈಗ ನಾನಿರುವುದು ದೂರದ ಕರಾವಳಿಯ ವಿಕ್ಟೋರಿಯಾದಲ್ಲಿ, ಮಗಳ ಮನೆ ಹತ್ತಿರ. ಆರ್ವಿಲ್ ಇನ್ನೂ ಬ್ರಿಕನ್‌ನಲ್ಲೇ ಇದ್ದಾನೆ. ಮೊನ್ನೆ ಆ ಚುಕ್ಕಿಗಳನ್ನು ನೋಡಿದವಳು ಉತ್ತರ ಬರೆಯದೆ ನೇರವಾಗಿ ಫೋನ್ ಮಾಡಿದೆ.

"ಏನಳಿಸ್ದೆ?"

"ಏನೂ ಇಲ್ಲ."

"ಐದು ನಿಮಿಷ ಚುಕ್ಕಿ ಕುಣೀತು, ಆರ್ವಿಲ್."

"ಬೆಳೆ ವಿಭಾಗದ ಕಟ್ಟಡ ಕೆಡವ್ತಿದಾರೆ, ನೆಟ್ಟಿ. ನೀನು ಬೇಜಾರು ಮಾಡ್ಕೋತೀಯ ಅಂತ ಅಳಿಸ್ದೆ. ಬೆಳಿಗ್ಗೆ ಹೋಗಿ ಒಂದು ಗಂಟೆ ನಿಂತು ನೋಡಿ ಬಂದೆ. ನನ್ನ ಕೋಣೆ ಗೋಡೆ ಇನ್ನೂ ನಿಂತಿತ್ತು."

"ಮೈನಸ್ ಮೂವತ್ತರಲ್ಲಿ ಒಂದು ಗಂಟೆನಾ? ಟೋಪಿ ಹಾಕ್ಕೊಂಡಿದ್ಯಾ?"

"ಇಲ್ಲ," ಎಂದ.