ಏಡಿಯ ಚಪ್ಪಲಿ

ಭಾನುವಾರ ಬೆಳಿಗ್ಗೆ ಮಗುವಿನ ಸ್ನಾನಕ್ಕೆ ನೀರು ಕಾಯಲು ಇಟ್ಟು ಹಾಲ್‌ಗೆ ಬಂದೆ. ಮಗ ಗೌರವ್ ತನ್ನ ಮೊದಲ ಸಿನಿಮಾದ ಟ್ರೇಲರನ್ನು ಟಿವಿಗೆ ಜೋಡಿಸಿ ನನಗಾಗಿ ಕಾಯುತ್ತಿದ್ದ. ಸಂಜೆ ಐದಕ್ಕೆ ಅದು ಯೂಟ್ಯೂಬಿಗೆ ಹೋಗುವುದಿತ್ತು. ಮೊದಲು ಮನೆಯವರು ನೋಡಬೇಕೆಂದು ಅವನ ಆಸೆ. ಬಾಣಂತನಕ್ಕೆ ಬಂದಿರುವ ಮಗಳು ಮನ್ವಿತಾ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

ಸುಟ್ಟ ಊರು, ಕರಿ ಕೋಟು, ಕತ್ತಲಲ್ಲಿ ಯಂತ್ರಮನುಷ್ಯನ ಕೆಂಪು ಕಣ್ಣು. ನಮ್ಮೂರಿನ ಪಂಪ್‌ವೆಲ್ ಫ್ಲೈಓವರಿನ ಮೇಲೆ ಕಾರುಗಳು ಪಲ್ಟಿ ಹೊಡೆದವು. ನನ್ನ ಗಂಡ ನಿತ್ಯಾನಂದರು ಇಂಥ ಇಂಗ್ಲಿಷ್ ಪಿಕ್ಚರು ಒಂದನ್ನೂ ಬಿಟ್ಟವರಲ್ಲ. ಯಾವ ದೃಶ್ಯ ಎಲ್ಲಿಂದ ಬಂದದ್ದೆಂದು ಹೇಳುತ್ತಲೇ ಹೋದರು. ಫ್ಲೈಓವರ್ ಒಂದೇ ನಮ್ಮದು ಎಂದರು. ಗೌರವನ ಮುಖ ಸಣ್ಣದಾಯಿತು. ಎರಡು ವರ್ಷದ ದುಡಿಮೆ, ಪಾಪ. ಚೆನ್ನಾಗುಂಟು ಎನ್ನಲು ಬಾಯಿ ತೆರೆದಿದ್ದೆ.

ಆಗ ಆ ಕೆಂಪು ಕಣ್ಣಿನ ಯಂತ್ರ ಹೆಣಗಳ ನಡುವೆ ನಿಂತು ಹಾಡಿತು.

"ದೆಂಜಿಗ್ ಪತ್ತ್ ಕಾರ್, ಚಪ್ಪಲ್ ಓಲು..."

ಏಡಿಗೆ ಹತ್ತು ಕಾಲು, ಚಪ್ಪಲಿ ಎಲ್ಲಿ? ಮನ್ವಿತಾ ಚಿಕ್ಕವಳಿದ್ದಾಗ ದಮ್ಮು ಬಂದು ಅಳುತ್ತಿದ್ದಳು. ಬೋಳಾರದ ಹೊಳೆಬದಿಯ ಬಾಡಿಗೆ ಮನೆಯಲ್ಲಿ ಅವಳನ್ನು ಹೆಗಲಿಗೆ ಹಾಕಿಕೊಂಡು ನಡೆಯುತ್ತಾ ನಾನು ಕಟ್ಟಿದ ತುಳು ಹಾಡು ಅದು. ಏಡಿ ಚಪ್ಪಲಿ ಕೇಳಿಕೊಂಡು ಮನೆಮನೆಗೆ ಹೋಗುತ್ತದೆ. ಇವರು ಆಗ ಮಸ್ಕತ್‌ನಲ್ಲಿದ್ದರು. ಮಕ್ಕಳಿಬ್ಬರಿಗೆ ಬಿಟ್ಟರೆ ಆ ಹಾಡು ಯಾರಿಗೂ ಗೊತ್ತಿಲ್ಲ.

ಸ್ವರವನ್ನು ಎಳೆದು, ದಪ್ಪ ಮಾಡಿ, ಕಬ್ಬಿಣ ತಿಕ್ಕಿದ ಹಾಗೆ ಮಾಡಿದ್ದರು. ಆದರೂ 'ಓಲು' ಎನ್ನುವ ಮೊದಲು ನಾನು ಉಸಿರೆಳೆದುಕೊಳ್ಳುವುದು ಹಾಗೆಯೇ ಇತ್ತು.

ಕಳೆದ ತಿಂಗಳು ಗೌರವನೇ ನನ್ನಿಂದ ಹಾಡಿಸಿ ಫೋನಿನಲ್ಲಿ ಹಿಡಿದಿದ್ದ. ಮನ್ವಿತಾ ಗಂಡನ ಮನೆಗೆ ಹೋದ ಮೇಲೆ ಮಗುವಿಗೆ ಅಜ್ಜಿಯ ಸ್ವರ ಬೇಕಲ್ಲ ಎಂದಿದ್ದ. ಫ್ಯಾನ್ ನಿಲ್ಲಿಸಿ, ಕುಕ್ಕರ್ ಇಳಿಸಿ, ಕಿಟಕಿ ಮುಚ್ಚಿ ಬೆವರುತ್ತಾ ಮೂರು ಸಲ ಹಾಡಿದ್ದೆ.

"ಆ ಯಂತ್ರಕ್ಕೆ ಎರಡೇ ಕಾಲು," ಎಂದಳು ಮನ್ವಿತಾ, ಟಿವಿಯಿಂದ ಕಣ್ಣು ತೆಗೆಯದೆ.

ಇವರು ಮುಂದೆ ಬಾಗಿ ಕೂತರು. "ಇದೆಲ್ಲಿಂದ ಕದ್ದದ್ದು ಮಾರಾಯ? ಇದೊಂದು ನಾನು ಎಲ್ಲೂ ಕೇಳಿಲ್ಲ."

ನಾನು ಎದ್ದು ಅಡುಗೆಮನೆಗೆ ಹೋದೆ. ಗೌರವ್ ಹಿಂದೆಯೇ ಬಂದ. ಮಗುವಿಗೆಂದೇ ರೆಕಾರ್ಡ್ ಮಾಡಿದ್ದು, ಸ್ಟುಡಿಯೋದಲ್ಲಿ ಯಾರೋ ಕೇಳಿ ಇಷ್ಟಪಟ್ಟರು, ಹೇಳಬೇಕೆಂದಿದ್ದೆ, ಆಗಲಿಲ್ಲ ಎಂದ. ಅದನ್ನು ತೆಗೆದುಬಿಡು ಎಂದೆ.

"ಅದನ್ನು ತೆಗೆದರೆ ನನ್ನದು ಅಂತ ಅದರಲ್ಲಿ ಎಂತ ಉಂಟು ಅಮ್ಮ?"

"ಅದೂ ನಿನ್ನದಲ್ಲ ಮಗಾ."

ಅವನು ಗಡಿಯಾರ ನೋಡಿ ಹಾಲ್‌ಗೆ ಹೋದ.

ನೀರು ಹದ ಮಾಡಿ, ಬಚ್ಚಲಲ್ಲಿ ಕಾಲು ಚಾಚಿ ಕೂತು, ಎಣ್ಣೆ ಹಚ್ಚಿದ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡೆ. ಮೊದಲ ಚೊಂಬು ಬಿದ್ದದ್ದೇ ಅಳು ಶುರು. ದಿನವೂ ಅಲ್ಲಿಗೆ, ಇವರು ಟಿವಿ ಜೋರು ಮಾಡಿ ಕೂತಿರುವಾಗ, ನಾನು ಏಡಿಯನ್ನು ಕರೆಯುತ್ತೇನೆ. ಇವತ್ತೂ ಕರೆದೆ. ಒಂದು ಶಬ್ದ ಹೊರಬಂತು, ನನ್ನ ಕಿವಿಗೇ ಅದು ಕಬ್ಬಿಣದ ಹಾಗೆ ಕೇಳಿತು. ನಿಲ್ಲಿಸಿದೆ. ಬಾಗಿಲಲ್ಲಿ ಟವೆಲ್ ಹಿಡಿದು ನಿಂತಿದ್ದ ಮನ್ವಿತಾಳೂ ಮುಂದಿನ ಸಾಲು ಎತ್ತಿಕೊಳ್ಳಲಿಲ್ಲ.

ಹಾಲ್‌ನಿಂದ ಗೌರವನ ಮಾತು ಕೇಳುತ್ತಿತ್ತು. ಐದಕ್ಕೇ ಬಿಡುವ, ಎಂತದೂ ಬದಲಿಲ್ಲ ಎಂದು ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದ.

ಮಗು ಅಳು ನಿಲ್ಲಿಸಿ ನನ್ನ ಬಾಯಿಯನ್ನೇ ನೋಡಿತು. ನಾನು ಇನ್ನೊಂದು ಚೊಂಬು ನೀರು ಹೊಯ್ದೆ.